ಎಡಮುರಿಯ ಟೊಂಗೆ

ಆ ಭಾನುವಾರ ನಾನು ಭೋರಿನ ಗುಡ್ಡದ ಮೇಲಿದ್ದೆನೋ, ಪುಣೆಯ ಸದಾಶಿವ ಪೇಠೆಯ ಒಂದು ಅಟ್ಟದ ಮೇಲೆ ಮಲಗಿ ಕಾದಂಬರಿ ಓದುತ್ತಿದ್ದೆನೋ, ಪ್ರಮಾಣ ಮಾಡಿ ಹೇಳಲಾರೆ. ಎರಡೂ ನನಗೆ ಚೆನ್ನಾಗಿ ನೆನಪಿವೆ, ತೊಡಕು ಇರುವುದೇ ಅಲ್ಲಿ. ಗುಡ್ಡದ ಮೇಲೆ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋದದ್ದು ನೆನಪಿದೆ. ಅಟ್ಟದ ಮೇಲೆ ಹಂಚಿನ ಸಂದಿಯಿಂದ ಒಂದು ಹನಿ ಪುಟದ ಮೇಲೆ ಬಿದ್ದು ನಾಯಕಿಯ ಹೆಸರೇ ಕಲಸಿಹೋದದ್ದೂ ನೆನಪಿದೆ. ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲಾರ ಎಂಬಷ್ಟು ವಿಜ್ಞಾನವನ್ನು ಮುಂಬಯಿ ವಿಶ್ವವಿದ್ಯಾಲಯ ನನಗೆ ಕಲಿಸಿ, ಬಿ.ಎಸ್ಸಿ. ಎಂದು ಬರೆದುಕೊಟ್ಟಿದೆ. ಎಲ್ಲಿದ್ದ ಎಂದು ಪತ್ತೆ ಹಚ್ಚುವುದನ್ನು ಮಾತ್ರ ಕಲಿಸಲಿಲ್ಲ.

ಇದೆಲ್ಲ ಮತ್ತೆ ಎದ್ದುಕೊಂಡದ್ದು ಸಂಡಿಗೆಯಿಂದ. ಈ ಬೇಸಗೆಯಲ್ಲಿ ನನ್ನ ಹೆಂಡತಿ ಮಾಳಿಗೆಯ ಮೂಲೆಯಿಂದ ಎರಡು ಮರದ ಜಾಲರಿಗಳನ್ನು ಇಳಿಸಿ, ಮೇಲೆ ಹಳೆಯ ಧೋತರ ಹಾಸಿ, ಅಕ್ಕಿ ಸಂಡಿಗೆ ಇಟ್ಟಿದ್ದಳು. ಆಫೀಸಿನಿಂದ ಬಂದವನು ನೋಡಿ ನಿಂತುಬಿಟ್ಟೆ.

"ಇವು ಯಾವ ಕಿಡಕೀವು ಏನೋ, ಭಾಳ ಛಲೋ ಅವ ನೋಡ್ರಿ. ಕೆಳಗಿಂದನೂ ಗಾಳಿ ಆಡತದ" ಅಂದಳು.

"ಕಿಡಕಿ ಅಲ್ಲ ಅವು. ನಾ ಕಲಿತ ವಿದ್ಯಾ."

"ಹಂಗಾದ್ರ ಇವತ್ತರ ಉಪಯೋಗಕ್ಕ ಬಂತಲ್ಲ" ಎಂದು ಕಾಗೆ ಓಡಿಸಲು ಹೋದಳು.

ತಪ್ಪೇನೂ ಹೇಳಲಿಲ್ಲ. ಸಸ್ಯಶಾಸ್ತ್ರ ಓದಿದ ನಾನು ಆಮೇಲೆ ಸಾತಾರೆಯಲ್ಲಿ ಮಾಸ್ತರಿಕೆ ಮಾಡಿ ಬಿಟ್ಟೆ, ಬೀಜದ ಅಂಗಡಿಯಲ್ಲಿ ಕೂತು ಎದ್ದೆ, ವಿಮೆಯ ಕಾಗದ ಹಿಡಿದು ಪರಿಚಯದವರೆಲ್ಲ ನನ್ನನ್ನು ಕಂಡು ಓಣಿ ಬದಲಿಸುವಂತೆ ಮಾಡಿದೆ. ಈಗ ಒಂದು ಸರಕಾರಿ ಆಫೀಸಿನಲ್ಲಿ ಒಬ್ಬರು ಬರೆದ ಕಾಗದವನ್ನು ಇನ್ನೊಬ್ಬರ ಮೇಜಿಗೆ ದಾಟಿಸುತ್ತೇನೆ. ಆ ಜಾಲರಿಗಳು ಗಿಡ ಒತ್ತುವ ಚೌಕಟ್ಟು. ನಡುವೆ ರದ್ದಿ ಕಾಗದದ ಮಡಿಕೆಗಳಲ್ಲಿ ಗಿಡಗಳನ್ನಿಟ್ಟು, ಎರಡೂ ಕಡೆಯಿಂದ ಚರ್ಮದ ಪಟ್ಟಿ ಬಿಗಿದು, ಮೇಲೆ ಕಲ್ಲು ಹೇರಿದರೆ ಗಿಡ ಹಪ್ಪಳದಂತೆ ಒಣಗುತ್ತದೆ. ಚರ್ಮದ ಪಟ್ಟಿ ಒಂದೇ ಉಳಿದಿದೆ. ಇನ್ನೊಂದನ್ನು ಯಾವಾಗಲೋ ಹಾಸಿಗೆ ಸುತ್ತಲು ಬಳಸಿದ ನೆನಪು. ಅದೂ ನೆನಪೇ, ಹೆಚ್ಚು ನಂಬಬೇಡಿ.

ಈ ಕೆಲಸ ಮಾಡದವರಿಗೆ ಅದರ ಗೋಳು ತಿಳಿಯದು. ಪುಣೆಯ ಮಳೆಗಾಲದಲ್ಲಿ ಗಿಡ ಒಣಗುವ ಮೊದಲೇ ಬೂಸು ಹಿಡಿಯುತ್ತದೆ. ದಿನಾ ಕಾಗದ ಬದಲಿಸಬೇಕು, ಒದ್ದೆ ಕಾಗದವನ್ನು ಒಲೆಯ ಹತ್ತಿರ ಒಣಗಿಸಬೇಕು. ಹಾಗೆ ಒಣಗಿಸುತ್ತ ಓದಿದ ಹಳೆಯ ಮರಾಠಿ ಪತ್ರಿಕೆಗಳಿಂದ ನನಗೆ ಲೋಕಜ್ಞಾನ ಬಂತು. ಎಲ್ಲರೂ ಇವತ್ತಿನ ಸುದ್ದಿ ಮಾತಾಡುವಾಗ ನಾನು ಎಂಟು ತಿಂಗಳ ಹಿಂದಿನ ಸುದ್ದಿಗೆ ಸಿಟ್ಟಿಗೇಳುತ್ತಿದ್ದೆ. ಒಣಗಿದ ಗಿಡವನ್ನು ದಪ್ಪ ಬಿಳಿ ಹಾಳೆಗೆ ಹೊಲಿದು, ಹುಳ ಬೀಳದಂತೆ ರಸಕರ್ಪೂರದ ನೀರು ಸವರಿ, ಬಲಗಡೆಯ ಕೆಳ ಮೂಲೆಗೆ ಚೀಟಿ ಅಂಟಿಸಬೇಕು: ಗಿಡದ ಹೆಸರು, ಅದರ ಕುಲ, ಸಿಕ್ಕ ಜಾಗ, ದಿನ, ತಂದವರ ಹೆಸರು. ಜೊತೆಗೆ ಹೂವಿನ ಬಣ್ಣ. ಒಣಗಿದ ಮೇಲೆ ಎಲ್ಲ ಹೂವೂ ಚಹದ ಚರಟದ ಬಣ್ಣಕ್ಕೆ ಬರುವುದರಿಂದ, ಹಸಿಯಿದ್ದಾಗ ಯಾವ ಬಣ್ಣವಿತ್ತು ಎಂದು ಬರೆಯದಿದ್ದರೆ ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಇಬ್ಬರು ಸೇರಿ ನೂರು ಹಾಳೆಯ ಒಂದು ಕಟ್ಟು ಒಪ್ಪಿಸಬೇಕಿತ್ತು. ಜೋಡಿಯ ಕಟ್ಟಾದ್ದರಿಂದ, ಗಿಡ ಯಾರೇ ಕಿತ್ತು ತರಲಿ, ಪ್ರತಿ ಚೀಟಿಯ ಮೇಲೂ ಇಬ್ಬರ ಹೆಸರು. ನನ್ನ ಜೋಡಿ ಗುರುನಾಥ. ವಿಜಾಪುರದ ಕಡೆಯವನು, ತೆಳ್ಳಗೆ, ಉದ್ದಕ್ಕೆ, ನಡೆಯುವಾಗ ಎರಡೂ ಕಡೆಯ ಬೇಲಿಗಳನ್ನು ಪರೀಕ್ಷೆ ಮಾಡುತ್ತ ನಡೆಯುವವನು. ತಂದೆ ಇರಲಿಲ್ಲ. ಮಗ ಕಲಿಯಲಿ ಎಂದು ತಾಯಿ ಕೃಷ್ಣಾಬಾಯಿ ಸಣ್ಣ ಮಗಳನ್ನೂ ಕಟ್ಟಿಕೊಂಡು ಬಂದು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದರು. ನಾನು ಅವರನ್ನು ಕಾಕು ಅನ್ನುತ್ತಿದ್ದೆ. ವಾರಕ್ಕೆ ನಾಲ್ಕು ದಿನ ಊಟ ಅಲ್ಲೇ. ನಾನು ಹೇಳಿದ ಅಟ್ಟ ಅವರ ಮನೆಯದೇ; ಏಣಿ ಹೊರಗಿನ ಅಂಗಳದಿಂದ, ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಕೆಳಗಿನವರಿಗೆ ತಿಳಿಯುತ್ತಿರಲಿಲ್ಲ.

ಮೊದಮೊದಲು ನಾನೂ ಗಿಡ ಕೀಳುತ್ತಿದ್ದೆ. ನನಗೆ ತಾಳ್ಮೆ ಇಲ್ಲ. ಟೊಂಗೆ ಹಿಡಿದು ಜಗ್ಗಿಬಿಡುವುದು, ತೊಗಟೆ ಸುಲಿದು ಬಾಲದಂತೆ ಜೋತಾಡುವುದು. ಪ್ರೊಫೆಸರರು ಒಂದು ದಿನ ನನ್ನ ಹಾಳೆಯನ್ನು ಇಡೀ ವರ್ಗಕ್ಕೆ ಎತ್ತಿ ತೋರಿಸಿ, "ಹೇ ಗಾಯೀನೇ ಖಾಲ್ಲಂ ಕಾ?" ಎಂದು ಕೇಳಿದರು. ಇದನ್ನು ದನ ಮೇಯಿತೇನು ಎಂದರ್ಥ. ಮುಂದೆ ಎರಡು ವರ್ಷ ವರ್ಗದಲ್ಲಿ ನನ್ನ ಹೆಸರು ಗಾಯ್. ಗುರುನಾಥನ ಹತ್ತಿರ ಅವನ ತಂದೆಯ ಕೊಂಬಿನ ಹಿಡಿಯ ಚಾಕು ಇತ್ತು. ಅವನು ಟೊಂಗೆಯನ್ನು ಎಡಗೈಯಲ್ಲಿ ಹಿಡಿದು, ಓರೆಯಾಗಿ ಒಂದೇ ಸಲಕ್ಕೆ ಕೊಯ್ಯುತ್ತಿದ್ದ. ನನ್ನ ಕೈ ಟೊಂಗೆಯತ್ತ ಹೋದರೆ ಮಣಿಕಟ್ಟಿನ ಮೇಲೆ ಹೊಡೆಯುತ್ತಿದ್ದ.

"ಮುಟ್ಟಬ್ಯಾಡ. ಗಿಡಾ ಅಂದ್ರ ನಿನ್ನ ವೈರೀನs ಏನು?"

"ಹಂಗಾದ್ರ ನಾ ಏನ ಮಾಡ್ಲಿ?"

"ಅಕ್ಷರ ಮುತ್ತಿನಂಗ ಬರೀತಿ. ಚೀಟಿ ಬರಿ."

ಹೀಗೆ ಕೆಲಸ ಹಂಚಿಹೋಯಿತು. ಅವನು ಗುಡ್ಡ ಹತ್ತುವುದು, ನಾನು ಸಂಜೆ ಕೂತು ಬರೆಯುವುದು. ಹತ್ತರಲ್ಲಿ ಏಳು ಸಲ ನಾನು ಹೋಗಿಯೇ ಇರುವುದಿಲ್ಲ. ಆದರೂ "ಒದ್ದೆ ಬಂಡೆಯ ನೆರಳಿನಲ್ಲಿ" ಎಂದು, "ಹಳ್ಳದ ದಂಡೆ, ಕರಿಮಣ್ಣು" ಎಂದು ಇಷ್ಟು ಖಚಿತವಾಗಿ ಬರೆಯುತ್ತಿದ್ದೆನೆಂದರೆ, ಬರೆದು ಮುಗಿಸುವ ಹೊತ್ತಿಗೆ ನನ್ನ ಪಾದವೇ ತಣ್ಣಗಾಗುತ್ತಿತ್ತು. ಹೋಗದ ಜಾಗಗಳ ನೆನಪು ನನಗೆ ಶುರುವಾದದ್ದು ಹೀಗೆ.

ಭಾದ್ರಪದದ ಆ ಭಾನುವಾರಕ್ಕೆ ಬರುತ್ತೇನೆ. ಗುರು ಭೋರಿನ ಆಚೆಯ ಘಾಟಿಗೆ ಹೋಗುವವನಿದ್ದ. ಹಿಂದಿನ ದಿನ ಕಾಕು ನನ್ನನ್ನು ಅಡಿಗೆಮನೆಗೆ ಕರೆದರು.

"ವಾಮನಾ, ಅಂವಗ ಗಿಡಾ ಕಂಡ್ರ ಮೈಮ್ಯಾಲೆ ಖಬರಿರೂದಿಲ್ಲ. ಸಿಕ್ಕಸಿಕ್ಕಲ್ಲೆ ನೀರು ಕುಡೀತಾನ. ನೀ ಜೋಡೀಲೆ ಹೋಗು. ಕಣ್ಣ ಮುಂದ ಇಟಗೋ."

"ಆತು ಕಾಕು."

"ಬರೇ ಆತು ಅನಬ್ಯಾಡ. ಆತು ಅಂದು ಮಲಗಿಬಿಡಾಂವ ನೀನು."

ಕಾಸಿ ಆರಿಸಿದ ನೀರನ್ನು ಹೆಗಲಪಟ್ಟಿ ಕಟ್ಟಿದ, ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆಯಲ್ಲಿ ತುಂಬಿ ಕೊಟ್ಟರು. ಇಲ್ಲಿಯವರೆಗೆ ನನ್ನ ನೆನಪು ಒಂದೇ. ಮುಂದೆ ಎರಡಾಗಿ ಕವಲೊಡೆಯುತ್ತದೆ. ಒಂದರಲ್ಲಿ ಸ್ವಾರಗೇಟದ ಹತ್ತಿರ ಮೋಟಾರು, ಅದರೊಳಗೆ ಯಾರದೋ ಕೋಳಿಬುಟ್ಟಿ, ಆಮೇಲೆ ಗುಡ್ಡ, ಗುಡ್ಡದ ತುಂಬ ನೇರಳೆ ಬಣ್ಣದ ಹೂವು, ಕಿತ್ತ ಉಂಗುಟ, ಕಿವಿಗೊಂದು ಎಲೆ ಸಿಕ್ಕಿಸಿಕೊಂಡು ನಗುತ್ತ ನಿಂತ ಗುರು. ಇನ್ನೊಂದರಲ್ಲಿ ಅಟ್ಟ, ಮಳೆ, ಕಾದಂಬರಿ, ಕೆಳಗೆ ಕಾಕು ಅವಲಕ್ಕಿಗೆ ಒಗ್ಗರಣೆ ಹಾಕಿದ ಸದ್ದು.

ಹತ್ತು ಹನ್ನೆರಡು ದಿನಕ್ಕೆ ಗುರುವಿಗೆ ಜ್ವರ ಬಂತು. ಮುದ್ದತಿನ ಜ್ವರ, ಟೈಫಾಯಿಡ್, ಎಂದರು ಡಾಕ್ಟರರು. ಎಲ್ಲಾದರೂ ಕೆಟ್ಟ ನೀರು ಕುಡಿದಿದ್ದನೇ ಎಂದು ಕೇಳಿದರು. ಮೊದಲ ವಾರ ಅವನಿಗೆ ಎಚ್ಚರವಿತ್ತು. ಆ ಭಾನುವಾರ ತಂದ ಗಿಡಗಳು ಒಣಗಿದ್ದವು, ಚೀಟಿ ಬರಿ ಎಂದು ಹಟ ಹಿಡಿದ. ನಾನು ಹಾಸಿಗೆಯ ಪಕ್ಕ ಹಲಗೆ ಇಟ್ಟುಕೊಂಡು ಕೂತೆ. ಕೊನೆಯದು ಎಡಮುರಿ. ಅದರ ತಿರುಚಿದ ಕಾಯನ್ನು ನಮ್ಮ ಕಡೆ ಕೂಸಿನ ಹೊಟ್ಟೆನೋವಿಗೆ ತೇಯ್ದು ನೆಕ್ಕಿಸುತ್ತಾರೆ. ಇವನಿಗೂ ಕಾಕು ನೆಕ್ಕಿಸಿದ್ದರಂತೆ.

"ಹೂವಿನ ಬಣ್ಣ?"

"ಅರಳಿದಾಗ ಕೆಂಪ. ಆಮ್ಯಾಲೆ ಸೀಸದ ಬಣ್ಣ."

"ಎರಡರಾಗ ಒಂದು ಹೇಳೋ ಪುಣ್ಯಾತ್ಮಾ, ಜಾಗ ಇಲ್ಲ ಇಲ್ಲಿ."

"ಅದನ್ನ ಹೂವಿಗೆ ಹೇಳು ಹೋಗು."

ಕಾಕು ಹಣೆಯ ಬಟ್ಟೆ ಬದಲಿಸುತ್ತ, "ಜೋಡಿ ಯಾರಿದ್ರೋ ಆವತ್ತ?" ಎಂದು ಕೇಳಿದರು. ಗುರು ಕಣ್ಣು ಮುಚ್ಚಿಕೊಂಡೇ, "ಯಾಕ, ಈ ಗಾಯ್ ಇದ್ದನಲ್ಲ" ಅಂದ. ನನಗೆ ಹಾಯೆನಿಸಿತು. ಇದ್ದದ್ದಕ್ಕೆ ಹಾಯೆನಿಸಿತೋ, ಇಲ್ಲದವನನ್ನು ಅವನು ಕಾಪಾಡಿದ್ದಕ್ಕೋ, ಈಗ ಹೇಳಲಾರೆ.

ಮೂರನೆಯ ವಾರ ಅವನು ಹೋಗಿಬಿಟ್ಟ.

ಹದಿಮೂರನೆಯ ದಿನ ಮುಗಿದ ಮೇಲೆ ಕಾಕು ನನ್ನನ್ನು ಕೂರಿಸಿಕೊಂಡು ಕೇಳಿದರು: "ಖರೇ ಹೇಳು. ಅಂವ ಹಳ್ಳದ ನೀರು ಕುಡದಿದ್ನೇನು? ತಂಬಿಗಿ ಅರ್ಧಾ ಹಂಗ ತಿರುಗಿ ಬಂದಿತ್ತು."

"ಇಲ್ಲ ಕಾಕು. ನನ್ನ ಕಣ್ಣ ಮುಂದನs ಇದ್ದ. ಮಳೀ ದಿನ, ನೀರಡಿಕಿ ಎಲ್ಲಿ? ತಂಬಿಗೀದು ಎರಡು ಗುಟುಕು ಕುಡದ, ಅಷ್ಟs."

ಇದನ್ನು ಹದಿನಾಲ್ಕು ವರ್ಷ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗ ಗುಡ್ಡ ಇನ್ನಷ್ಟು ನೇರಳೆಯಾಯಿತು, ಗುರುವಿನ ನಗೆ ಇನ್ನಷ್ಟು ಸ್ಪಷ್ಟವಾಯಿತು. ಕಾಕು ಕೇಳಿ ಸುಮ್ಮನಾಗುತ್ತಿದ್ದರು. ಸಮಾಧಾನವಾಯಿತು ಎಂದುಕೊಳ್ಳುತ್ತಿದ್ದೆ.

ಆ ಸಣ್ಣ ಮಗಳು ಈಗ ದೊಡ್ಡವಳಾಗಿ, ಅವಳ ಗಂಡನಿಗೂ ಪುಣೆಯಲ್ಲೇ ನೌಕರಿಯಾಗಿ, ಎಲ್ಲರೂ ಅದೇ ವಾಡೆಯಲ್ಲಿದ್ದಾರೆ. ಆ ಮನೆಯಲ್ಲಿ ಒಂದು ವಿಚಿತ್ರ ಪದ್ಧತಿ. ಕಾಕು ನೀರನ್ನು ಎರಡೆರಡು ಸಲ ಕಾಸುತ್ತಾರೆ. ಕುಡಿಯುವ ನೀರು, ಬಾಯಿ ಮುಕ್ಕಳಿಸುವ ನೀರು, ಮೊಸರಿಗೆ ಬೆರೆಸುವ ನೀರು, ಎಲ್ಲ ಒಂದು ಸಲ ಕುದಿಸಿ, ಆರಿಸಿ, ಮತ್ತೆ ಕುದಿಸಿ. "ನಮ್ಮ ಮನ್ಯಾಗ ನೀರಿಗೆ ಪುನರ್ಜನ್ಮ ಅದರಿ" ಎಂದು ಅಳಿಯ ನಗಿಸುತ್ತಾನೆ. ಯುದ್ಧದ ದಿನಗಳಲ್ಲಿ ಕಟ್ಟಿಗೆ ಇದ್ದಿಲು ಸಿಗದೆ ಜನ ಒಲೆ ಹಚ್ಚಲು ಯೋಚಿಸುವಾಗಲೂ ಕಾಕು ಬಿಡಲಿಲ್ಲ. ನಾನೂ ನಗುತ್ತಿದ್ದೆ. ಅದನ್ನೀಗ ಹೇಳಲು ನಾಚಿಕೆಯಾಗುತ್ತದೆ.

ಬೇಸಗೆಯಲ್ಲಿ ಜಾಲರಿ ಕಂಡವನು ಹೆಂಡತಿಗೆ ಆ ಭಾನುವಾರದ ಕಥೆಯನ್ನು ಮತ್ತೊಮ್ಮೆ ಹೇಳಿದೆ, ನೇರಳೆ ಗುಡ್ಡ ಸಮೇತ. ಈ ಭಾದ್ರಪದದಲ್ಲಿ ಭೋರಿನಲ್ಲಿರುವ ನನ್ನ ಷಡ್ಡಕನ ಮನೆಗೆ ಗೌರಿಯ ಊಟಕ್ಕೆ ಹೋದಾಗ ಅವಳೇ, "ನಿಮ್ಮ ಗುಡ್ಡಾ ತೋರಸ್ರಿ" ಅಂದಳು. ಘಾಟಿ ಹತ್ತಿದೆವು. ಗುಡ್ಡ ನಿಜಕ್ಕೂ ನೇರಳೆಯಾಗಿತ್ತು. ಕಾರವಿ ಎಂಬ ಪೊದೆ, ಆಳೆತ್ತರ, ಕಣ್ಣು ಹಾಯುವವರೆಗೆ ಹೂವು. ನಾನು ಹಿಗ್ಗಿ, ನೋಡಿದೆಯಾ ಎನ್ನುವಷ್ಟರಲ್ಲಿ, ಹೊರೆ ಇಳಿಸಿಕೊಂಡು ಕೂತಿದ್ದ ಒಬ್ಬ ಮುದುಕ, "ಆಠ ವರ್ಸಾಂನೀ ಫುಲ್ಲೀ, ಸಾಹೇಬ" ಅಂದ. ಎಂಟು ವರ್ಷಕ್ಕೆ ಅರಳಿದೆ.

ನನಗೆ ಗೊತ್ತಿದ್ದ ಸಂಗತಿಯೇ. ಕಾರವಿ ಏಳು ವರ್ಷ ಬರೀ ಎಲೆ ಬಿಟ್ಟುಕೊಂಡಿದ್ದು, ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ಹೂಬಿಟ್ಟು ಸಾಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಅಲ್ಲೇ ನಿಂತು ಬೆರಳು ಮಡಿಸಿದೆ. ಈ ವರ್ಷ ಹೂವೆಂದರೆ ಎಂಟು ವರ್ಷದ ಹಿಂದೆ ಹೂವು, ಹದಿನಾರು ವರ್ಷದ ಹಿಂದೆ ಹೂವು. ಹದಿನಾಲ್ಕು ವರ್ಷದ ಹಿಂದೆ, ಗುರುವಿನ ವರ್ಷದಲ್ಲಿ, ಈ ಗುಡ್ಡದ ಮೇಲೆ ಒಂದು ಹೂವೂ ಇರಲು ಸಾಧ್ಯವಿರಲಿಲ್ಲ.

"ಯಾಕ್ರೀ, ಮಾರಿ ಯಾಕ ಹಂಗ ಮಾಡೀರಿ?"

"ಚಪ್ಪಲಿ ಕಚ್ಚಲಿಕ್ಕತ್ತದ" ಅಂದೆ.

ಗುಡ್ಡದ ಬಣ್ಣವೇ ಸುಳ್ಳಾದರೆ ಅದರ ಮೇಲೆ ನಿಂತವನ ನಗೆ ಎಷ್ಟು ನಿಜ? ಯಾರೋ ವರ್ಣಿಸಿದ ಗುಡ್ಡವನ್ನು ತಂದು ಅಂಟಿಸಿ, ಕೆಳಗೆ ನನ್ನ ಹೆಸರಿನ ಚೀಟಿ ಬರೆದುಕೊಂಡಿದ್ದೆನೇನೋ. ಅಟ್ಟವೇ ನಿಜವಿರಬೇಕು ಎಂದು ತೋರತೊಡಗಿತು. ಅವನು ಒಬ್ಬನೇ ಹೋದ, ನಾನು ಮಲಗಿದ್ದೆ. ನಾಲ್ಕು ದಿನ ಆಫೀಸಿನಲ್ಲಿ ಕಾಗದಗಳನ್ನು ತಪ್ಪು ಮೇಜುಗಳಿಗೆ ಕಳಿಸಿ, ಐದನೆಯ ದಿನ ಸಂಜೆ ಕಾಕುವಿನ ಹತ್ತಿರ ಹೋದೆ. ಅವರು ಒಲೆಯ ಮುಂದಿದ್ದರು, ಎರಡನೆಯ ಕುದಿ ಬರುತ್ತಿತ್ತು. ಹೇಳಿದೆ: "ಕಾಕು, ಆವತ್ತ ನಾ ಗುರೂನ ಜೋಡಿ ಇದ್ದೆನೋ ಇಲ್ಲೋ ನನಗs ಖಾತ್ರಿ ಇಲ್ಲ. ನೀರಿನ ಮಾತೂ ಖಾತ್ರಿ ಇಲ್ಲ."

ಅವರು ಒಲೆಯೊಳಗಿನ ಕಟ್ಟಿಗೆಯನ್ನು ಮುಂದೆ ಸರಿಸಿದರು. ಆಮೇಲೆ ಹೇಳಿದರು:

"ನೀ ಇದ್ದಿ. ಅಂವ ಹೇಳ್ಯಾನ. ಆ ಜ್ವರದಾಗ ಮಲಗಿದ ಹುಡುಗ ನನಗ ಸುಳ್ಳ ಹೇಳತಾನೇನು? ನೀ ಇದ್ದಿ, ಅಂವ ನಿನ್ನ ಕಣ್ಣ ಮುಂದಿದ್ದ, ಹಳ್ಳದ ನೀರು ಕುಡೀಲಿಲ್ಲ. ಹಂಗಾದ್ರ ಯಾವ ನೀರು ಕುಡದ ಅಂವ? ಈ ಮನೀದು. ಈ ಕೈಲೆ ನಾ ಕೊಟ್ಟದ್ದು. ಅದಕ್ಕs ಕಾಸತೀನಿ. ನೀ ಸುಮ್ಮನಿರು."

ಹದಿನಾಲ್ಕು ವರ್ಷ ನಾನು ಸಮಾಧಾನವೆಂದು ಕೊಟ್ಟದ್ದು ಇದು. ಡಾಕ್ಟರರ ಪ್ರಶ್ನೆಗೆ ಎರಡೇ ಉತ್ತರವಿದ್ದವು. ನನ್ನ ಮಾನ ಉಳಿಸಿಕೊಳ್ಳಲು ನಾನು ಹಳ್ಳವನ್ನು ಅಳಿಸಿದಾಗ ಉಳಿದದ್ದು ಅವರ ಅಡಿಗೆಮನೆ. ಅಷ್ಟು ಸಾದಾ ತರ್ಕ ನನಗೆ ಹೊಳೆಯಲಿಲ್ಲ. ನಾಲ್ಕನೆಯ ಇಯತ್ತೆ ಓದಿದ ಕಾಕುವಿಗೆ ಹದಿಮೂರನೆಯ ದಿನವೇ ಹೊಳೆದಿತ್ತು.

ಮರುದಿನ ರಜೆ ಹಾಕಿ ಕಾಲೇಜಿಗೆ ಹೋದೆ. ಗುರು ತೀರಿಕೊಂಡ ಮೇಲೆ ಪ್ರೊಫೆಸರರು ನಮ್ಮ ಕಟ್ಟನ್ನು ಹಿಂದಿರುಗಿಸದೆ ಕಾಲೇಜಿನ ಕಪಾಟಿನಲ್ಲಿ ಸೇರಿಸಿದ್ದರು. ಸಿಪಾಯಿ ಬೀಗ ತೆಗೆದು, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ವಿಷ ಸವರಿರುತ್ತದೆ ಎಂದು ಮರಾಠಿಯಲ್ಲಿ ಎಚ್ಚರಿಸಿ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತ. ಕಟ್ಟು ಬಿಚ್ಚಿದೆ. ಹಾಳೆಯ ಮೇಲೆ ಹಾಳೆ, ಮೂಲೆಯಲ್ಲಿ ನನ್ನ ಮುತ್ತಿನ ಅಕ್ಷರ, ಎಲ್ಲದರ ಮೇಲೂ ಇಬ್ಬರ ಹೆಸರು. ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ. ತೊಂಬತ್ತಕ್ಕೂ ಹೆಚ್ಚು ಟೊಂಗೆಗಳ ಬುಡ ಓರೆಯಾಗಿ, ನುಣ್ಣಗೆ, ಲೇಖನಿಯ ಮೊನೆಯಂತೆ ಕೊಯ್ದದ್ದು. ಮೊದಲಿನ ನಾಲ್ಕಾರು ಮಾತ್ರ ದನ ಮೇಯ್ದದ್ದು.

ಎಲ್ಲಕ್ಕೂ ಕೆಳಗಿನದು ಆ ಭಾನುವಾರದ ಎಡಮುರಿ. ಹೂವು ಕೆಂಪೂ ಅಲ್ಲ, ಸೀಸವೂ ಅಲ್ಲ, ಚರಟ. ಟೊಂಗೆಯ ಬುಡಕ್ಕೆ ನನ್ನ ಕಣ್ಣು ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಅದು ಕೊಯ್ದದ್ದಲ್ಲ. ಜಗ್ಗಿ ಹರಿದದ್ದು.

ಗುರು ಹುಟ್ಟಾ ಒಂದು ಗಿಡವನ್ನು ಹಾಗೆ ಹರಿದವನಲ್ಲ. ಹರಿಯುವ ಕೈ ನನ್ನದೊಂದೇ. ಎಂದರೆ ನಾನು ಗುಡ್ಡದ ಮೇಲಿದ್ದೆ. ಅವನು ತಾಯಿಗೆ ಸುಳ್ಳು ಹೇಳಿರಲಿಲ್ಲ. ಅಷ್ಟಕ್ಕೆ ಎದೆ ಹಗುರವಾಯಿತು. ಮುಂದಿನ ಮಾತು ಸಿಪಾಯಿ ಕೈ ತೊಳೆಯಲು ನೀರು ಹಾಕುತ್ತಿದ್ದಾಗ ಹೊಳೆಯಿತು. ಗುರು ಹತ್ತಿರ ಇದ್ದಿದ್ದರೆ ನನ್ನ ಮಣಿಕಟ್ಟಿನ ಮೇಲೆ ಹೊಡೆಯುತ್ತಿದ್ದ. ಹರಿಯಲು ಬಿಡುತ್ತಲೇ ಇರಲಿಲ್ಲ. ಚಾಕುವೂ ಅವನೂ ಬೇರೆಲ್ಲೋ ಇದ್ದಾಗ ನಾನು ಇದನ್ನು ಕಿತ್ತಿದ್ದೇನೆ. ಆ ಘಾಟಿಯಲ್ಲಿ ಗುಡ್ಡ ಬಿಟ್ಟರೆ ಇರುವ ಬೇರೆ ಜಾಗ ಕೆಳಗಿನ ಹಳ್ಳ ಒಂದೇ. ಅವನು ನನ್ನ ಕಣ್ಣ ಮುಂದೆ ಇರಲಿಲ್ಲ.

ಸಂಜೆ ಹೋಗಿ ಕಾಕುವಿಗೆ ಇದನ್ನೆಲ್ಲ ಹೇಳಿದೆ, ಚಾಕು, ಟೊಂಗೆಯ ಬುಡ, ಹಳ್ಳ. ಪರೀಕ್ಷೆಯಲ್ಲಿ ಉತ್ತರ ಬರೆದಂತೆ ಹೇಳಿದೆ, ಬೇರೆ ರೀತಿ ನನಗೆ ಬರುವುದಿಲ್ಲ. ಒಲೆಯ ಮೇಲೆ ನೀರು ಮೊದಲ ಕುದಿಗೆ ಬಂದಿತ್ತು. ಅವರು ಸೆರಗಿನಿಂದ ಹಿಡಿದು ಪಾತ್ರೆ ಇಳಿಸಿದರು. ಆರಿದ ಮೇಲೆ ಮತ್ತೆ ಏರಿಸಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಹೊರಡಲು ಎದ್ದಾಗ ಕಾಕು ಕೇಳಿದರು:

"ಅಂವ ಹಳ್ಳಕ್ಕ ಇಳದಾಗ ತಂಬಿಗಿ ಯಾರ ಹತ್ತರ ಇತ್ತು, ವಾಮನಾ?"

"ನೆನಪಿಲ್ಲ ಕಾಕು."

"ಹೂಂ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ತಂಬಿಗೆಯನ್ನು ನೆನಪಿಗೆ ತರಲು ಯತ್ನಿಸುತ್ತಿದ್ದೇನೆ. ಈಗ ಅದು ನನ್ನ ಹೆಗಲಿಗೆ ಜೋತಾಡುವುದು ಕಾಣುತ್ತದೆ, ಪಟ್ಟಿ ಒತ್ತಿದ ಜಾಗವೂ ನೋಯುತ್ತದೆ. ಆದರೆ ಕಾಕು ಕೇಳುವ ಮೊದಲು ಅದು ಕಾಣುತ್ತಿರಲಿಲ್ಲ. ಆದ್ದರಿಂದ ನಂಬಲಾರೆ, ನಂಬದೆ ಇರಲಾರೆ. ಕಾಲೇಜಿನಲ್ಲಿ ಕಂಡದ್ದರ ಮೇಲೂ ಒಂದು ವಾರದಲ್ಲಿ ಸಂಶಯ ಬಂತು. ಹಾಗಾಗಿ ನಿನ್ನೆ ಮತ್ತೆ ಹೋದೆ. ಅದೇ ಸಿಪಾಯಿ ಬೀಗ ತೆಗೆದ. ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದು, ಕಿಸೆಯಿಂದ ಅಳತೆಪಟ್ಟಿ ತೆಗೆದು ನೋಡಿದೆ. ಟೊಂಗೆಯ ಬುಡ ಹರಿದಿದೆ, ಕೊಯ್ದ ಗುರುತಿಲ್ಲ. ಬುಡದಿಂದ ಕೆಳಗೆ ತೊಗಟೆಯ ಒಂದು ನಾರು ಇಳಿಬಿದ್ದಿದೆ. ಅದರ ಉದ್ದ ಒಂದೂವರೆ ಇಂಚು.